ಬಡಗಣ ಬಿಸಿಲು

ವಯಾಲಾಕ್ಕೆ ಬಂದ ಮೂರನೆಯ ದಿನ
ಒಗೆದ ಸೀರೆ ಒಣಗಲಿಲ್ಲ.
ಮನೆಯ ದಕ್ಷಿಣಕ್ಕೆ ಹಗ್ಗ ಕಟ್ಟಿದ್ದೆ,
ಚಳಿಗಾಲಕ್ಕೆ ಸೂರ್ಯ ತೆಂಕಣಕ್ಕೆ ವಾಲುತ್ತಾನೆಂದು
ಹದಿನಾರು ವರ್ಷ ಬೋರ್ಡಿನ ಮೇಲೆ ಬರೆದ ಕೈ ಇದು.
ಪಕ್ಕದ ಮನೆಯ ಡೋರೀನ್ ಬೇಲಿಯಾಚೆಯಿಂದ
ಆ ಕಡೆ ಬಿಸಿಲೇ ಬೀಳೋದಿಲ್ಲ ಕಣಮ್ಮಾ ಅಂದಳು,
ಅಥವಾ ಹಾಗೇನೋ ಅಂದಳು,
ಅರ್ಧ ಮಾತು ಅವಳ ಮೂಗಲ್ಲೇ ಉಳಿದಿತ್ತು.
ನಾನು, ವಿಜ್ಞಾನದ ಮೇಡಮ್ಮು,
ಒದ್ದೆ ಸೀರೆ ಹೆಗಲಿಗೆ ಹಾಕಿಕೊಂಡು
ಮನೆಗೆ ಅರ್ಧ ಪ್ರದಕ್ಷಿಣೆ ಬಂದು
ಬಡಗಣ ಬಿಸಿಲಿಗೆ ಹರವಿದೆ.

ಎಲ್ಲ ಹೊಸದಾಗಿರುತ್ತೆ, ಹೆದರಬೇಡ ಅಂದು ಕಳಿಸಿದ್ದರು.
ಹೊಸದಕ್ಕೆ ಹೆದರಲಿಲ್ಲ.
ಕಿಟಕಿಯ ಕಟ್ಟೆಗೆ ಬೆರಳಾಡಿಸಿದರೆ ಕೆಂಪು ಧೂಳು.
ತೋರಣಗಲ್ಲಿನದೇ ಧೂಳು,
ಅದೇ ಕಬ್ಬಿಣ, ಊರಾಚೆ ಅದೇ ಉಕ್ಕಿನ ಹೊಗೆ,
ಹೆಪ್ಪು ಹಾಕಿದ ಹಾಲಿನ ಮೇಲೂ
ಮಲಗಿದ ಮಗುವಿನ ರೆಪ್ಪೆಯ ಮೇಲೂ
ಕೇಳದೆ ಬಂದು ಕೂರುವ ಅದೇ ಸಲಿಗೆ.
ಒಂದು ಸಾಗರ ದಾಟಿ ಬಂದವಳು
ಮೊದಲು ಹುಡುಕಿದ್ದು ಒರೆಸುವ ಬಟ್ಟೆ.
ಹೆದರಿಕೆಯಾದದ್ದು ಆಗ.

ಸೋಮವಾರ, ಹತ್ತನೆಯ ತರಗತಿ.
ಬಾಗಿಲಲ್ಲಿ ನಿಂತೆ.
ಯಾರೂ ಏಳಲಿಲ್ಲ.
ಇನ್ನೂ ಸ್ವಲ್ಪ ನಿಂತೆ.
ಒಬ್ಬ ಬಾಳೆಹಣ್ಣು ಸುಲಿಯುತ್ತಿದ್ದ,
ಒಬ್ಬಳು ಇನ್ನೊಬ್ಬಳ ಕೂದಲು ಹೆಣೆಯುತ್ತಿದ್ದಳು.
ನನ್ನ ಕಿವಿ ಮಾತ್ರ ಕಾಯುತ್ತಿತ್ತು,
ಎಪ್ಪತ್ತು ಬೆಂಚು ಒಮ್ಮೆಲೇ ಕಿರುಗುಟ್ಟಿ
ನಮಸ್ತೇ ಟೀಈಈಚರ್ ಎಂದು
ಕೊನೆಯ ಸಾಲಿನವರು ಬೇಕೆಂದೇ ಎಳೆಯುವ ಆ ರಾಗಕ್ಕೆ.
ಎಷ್ಟು ಬೈದಿದ್ದೆ ಆ ಎಳೆತಕ್ಕೆ.

"ಮಿಸ್, ನಿಮಗೆ ಏನಾದರೂ ಬೇಕಿತ್ತಾ?"

ಬೇಕಿತ್ತು.
ಇಲ್ಲ ಅಂದು ಒಳಗೆ ಬಂದೆ.

ಹಾಜರಿ ಕರೆದೆ. ಕಾಗದದಲ್ಲಿ ಇದ್ದಂತೆ ಲಾಚ್ಲಾನ್ ಅಂದೆ,
ತರಗತಿ ನಕ್ಕಿತು. ಲಾಕ್ಲನ್ ಅಂತೆ ಅವನು.
ನಿಮ್ಮದು ಓದಿ ನೋಡೋಣ ಅಂದು
ಬೋರ್ಡಿನ ಮೇಲೆ ನನ್ನ ಹೆಸರು ಬರೆದೆ, ಅವರ ಲಿಪಿಯಲ್ಲಿ.
ಹುಲಿಗೆಮ್ಮ.
ಅವರಿಗೆ ಅದರೊಳಗೆ ಒಬ್ಬಳು ಜೆಮ್ಮಾ ಸಿಕ್ಕಳು!
ಲಾಕ್ಲನ್‌ನ ಅತ್ತೆಯೂ ಜೆಮ್ಮಾ ಅಂತೆ,
ಬಂದರಿನಲ್ಲಿ ಮೀನಿನ ಅಂಗಡಿಯಂತೆ.
ಹುಲಿಗಿಯ ಗುಡಿಯಲ್ಲಿ ಉರುಳು ಸೇವೆ ಹೊತ್ತು
ನನ್ನ ಹೆತ್ತ ಅವ್ವನಿಗೆ ಇದನ್ನು ಯಾರು ಹೇಳುತ್ತಾರೆ?
ಮಧ್ಯಾಹ್ನದ ಹೊತ್ತಿಗೆ ಕಾರಿಡಾರಿಗೆಲ್ಲ ನಾನು ಮಿಸ್ ಜೆಮ್ಮಾ.
ಕರೆದಾಗ ತಿರುಗಿದೆನಲ್ಲ,
ಅದೂ ಎರಡನೆಯ ಸಲಕ್ಕೇ.

ರಾತ್ರಿ ಫೋನಿನಲ್ಲಿ ಮಗಳು:
"ಅಲ್ಲೂ ಚಂದಪ್ಪ ಇದಾನಾ?"
"ಇದಾನೆ. ಅವನೊಳಗಿನ ಮೊಲ ಮಾತ್ರ ತಲೆಕೆಳಗು."
ಅವಳು ತುಂಬ ಹೊತ್ತು ಸುಮ್ಮನಿದ್ದು ಹೇಳಿದಳು,
"ಬಿದ್ದೋಗುತ್ತೆ ಅವ್ವಾ, ಕೆಳಗೆ ನಿಂತ್ಕೋಬೇಡ."

ಗುರುವಾರ ಪಾಠ: ಋತುಗಳು.
ಮನೆ ಬರೆದೆ, ಮರ ಬರೆದೆ, ದಿಕ್ಕು ಬರೆದೆ,
ಮಾತಾಡುತ್ತಾ ಮಾತಾಡುತ್ತಾ ಕೈ ತನ್ನಷ್ಟಕ್ಕೆ
ಸೂರ್ಯನನ್ನು ದಕ್ಷಿಣಕ್ಕೇ ಬರೆದು ಬಿಟ್ಟಿತು.
ಹಿಂದಿನಿಂದ ಕುರ್ಚಿ ಸರಿದ ಸದ್ದು.
ವಾರದಿಂದ ಬಾಯಿ ಬಿಡದ ಕೋಬಿ
ಎದ್ದು ಬಂದು, ತೋಳಿನ ತುದಿಯಿಂದ ಸೂರ್ಯನನ್ನು ಒರೆಸಿ
ನನ್ನ ಕೈಯ ಪೆನ್ನು ತಾನೇ ತೆಗೆದುಕೊಂಡು
"ಇಲ್ಲಿ, ಮಿಸ್."
ಕಿರಣ ಒಂದೊಂದೂ ಬರೆದ, ಅವಸರವಿಲ್ಲದೆ.
ನೆರಳು ಎತ್ತ ಬೀಳುತ್ತೆ, ಅದನ್ನೂ ಬರಿ ಅಂದೆ.
ಅಂದು ಅವನ ಕುರ್ಚಿಯಲ್ಲಿ ಕೂತೆ.
ಇನ್ನೂ ಬೆಚ್ಚಗಿತ್ತು.

ಸಂಜೆ ಸೀರೆ ಒಣಗಿತ್ತು, ಸೆರಗಿಗೆ ಕೆಂಪು ಕೂತು.
ಕೊಡವಿದೆ.
ಇನ್ನೊಮ್ಮೆ ಕೊಡವಿದೆ.
ಡೋರೀನ್ ಬೇಲಿಯ ಆಚೆಯಿಂದ
"ಅದು ಹೋಗಲ್ಲ" ಅಂದಳು.
ಈ ಸಲ ಪೂರ್ತಿ ಕೇಳಿಸಿತು.