ದೀಪವಿಲ್ಲದ ಸೈಕಲ್ಲಿನ ಪಾವತಿ

ಆಧಾರ ಕಾರ್ಡಿನ ಪ್ರಕಾರ ಅವ್ವ
ನನಗಿಂತ ಎಂಟೇ ವರ್ಷ ದೊಡ್ಡವಳು.
ತಿದ್ದಬೇಕಾದರೆ ಒಂದು ಕಾಗದ ಬೇಕು,
ಯಾವುದಾದರೂ ಸರಿ, ಸರಕಾರದ ಮೊಹರಿದ್ದದ್ದು,
ಎಂದ ಜಗತ್ ಸರ್ಕಲ್ಲಿನ ಕೇಂದ್ರದ ಹುಡುಗ
ಕಂಪ್ಯೂಟರಿನಿಂದ ಕಣ್ಣೆತ್ತದೆ.

ಅದಕ್ಕೇ ಈ ಉರಿ ಮಧ್ಯಾಹ್ನ
ಬ್ರಹ್ಮಪುರದ ಮನೆಯಲ್ಲಿ
ಫರಸಿಗೆ ನೀರು ಚೆಲ್ಲಿ, ಅದು ಆರುವ ಮೊದಲೇ ಕೂತು
ಬಿಸ್ಕೀಟಿನ ತಗಡು ಡಬ್ಬಿ ಬಿಚ್ಚಿದ್ದೇವೆ.

ಕರೆಂಟು ಬಿಲ್ಲು. ಸೀಮೆಎಣ್ಣೆ ವಾಸನೆಯ ರೇಷನ್ ಚೀಟಿ.
ಭೋಂಗಾ ನಿಂತು ಎಷ್ಟೋ ವರ್ಷವಾದ ಮಿಲ್ಲಿಗೆ
ಇನ್ನೂ ಒಳಗೆ ಬಿಡಿ ಎನ್ನುವ ಅಪ್ಪನ ಗೇಟ್ ಪಾಸು.
ನನ್ನ ಕಿವಿ ಚುಚ್ಚಿಸಿದ ತಂತಿ.
ಎಲ್ಲದರ ಅಡಿಗೆ ಒಂದು ಗುಲಾಬಿ ಚೀಟಿ,
ಬಿಚ್ಚಿದರೆ ಮಡಿಕೆಯಲ್ಲೇ ನಾಲ್ಕಾಗುವಷ್ಟು ಹಳತು.

ಗುಲಬರ್ಗಾ, ೧೯೭೧. ತಿಂಗಳು ಅಳಿಸಿದೆ.
ರಾತ್ರಿ ದೀಪವಿಲ್ಲದೆ ಸೈಕಲ್ ಸವಾರಿ. ಹಿಂದೆ ಒಬ್ಬರು.
ದಂಡ ರೂಪಾಯಿ ಎರಡು.
ಹೆಸರು: ಕುಮಾರಿ ಸರಳಾ ಕುಲಕರ್ಣಿ.

ಯಾರವ್ವಾ ಈ ಸರಳಾ?

ಅವ್ವ ಚೀಟಿ ದೂರ ಹಿಡಿದಳು, ಹತ್ತಿರ ತಂದಳು,
ಆಮೇಲೆ ಸೆರಗು ಬಾಯಿಗೊತ್ತಿಕೊಂಡು
ಭುಜ ಅಲುಗುವ ಹಾಗೆ ನಕ್ಕಳು.
"ನಮ್ಮ ಹಿಂದಿ ಟೀಚರು!
ಪೊಲೀಸ ಹೆಸರು ಕೇಳಿದ, ಆಕಿದೇ ಬಾಯಿಗಿ ಬಂತು.
ಆ ವರ್ಷ ನನಗ ನಾಪಾಸ ಮಾಡಿದ್ಳು."

ಹನ್ನೆರಡರಲ್ಲಿ ನಾನು ಸೈಕಲ್ಲು ಕೇಳಿದಾಗ
"ಹೆಣ್ಣಮಕ್ಕಳಿಗಿ ಎದಕ" ಎಂದವಳು ಇವಳೇ.
ಎದುರು ಮನೆಗೆ ಸಕ್ಕರೆಗೆ ಹೋದರೂ
ತಲೆ ತುಂಬ ಸೆರಗೆಳೆದುಕೊಳ್ಳುವವಳು.

ಹಿಂದೆ ಕೂತವರು ಯಾರು?
ಕೇಳುವಾಗಲೇ ನನ್ನ ದನಿಯಲ್ಲಿ ಒಬ್ಬ ಹುಡುಗನಿದ್ದ,
ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಇಸ್ತ್ರಿಯ ಅಂಗಿ.
ಅವಳ ಪರವಾಗಿ ನಾನೇ ಅವನನ್ನು
ಅರ್ಧ ಮೆಚ್ಚಿಬಿಟ್ಟಿದ್ದೆ.

"ನಿಮ್ಮ ಆಯಿ," ಅಂದಳು ಅವ್ವ. "ಮತ್ಯಾರು?
ಸೆಕೆಂಡ್ ಶೋ ನೋಡಿ ಬರ್ಲಿಕತ್ತಿದ್ವಿ."

ಆಯಿ.
ಗೋಡೆಯ ಫೋಟೋದಲ್ಲಿ ಬರಿ ಹಣೆ, ಬಿಗಿದ ತುಟಿ.
ಇಪ್ಪತ್ತಾರಕ್ಕೆ ಗಂಡ ಹೋದ ಮೇಲೆ
ಅವಳ ಸೀರೆಯ ಬಿಳುಪನ್ನು
ಓಣಿಗೆ ಓಣಿಯೇ ಕಾವಲು ಕಾದಿತ್ತು.

ಮೌಲಾಲಿಯ ಅಂಗಡಿ, ತಾಸಿಗೆ ನಾಲ್ಕಾಣೆ.
ಗಂಡಸರ ಸೈಕಲ್ಲು, ನಡುವೆ ದಂಡ.
ಲಂಗ ಎತ್ತಿ ಸೊಂಟಕ್ಕೆ ಸಿಗಿಸಿ ತುಳಿಯುವ ಹುಡುಗಿ,
ಕ್ಯಾರಿಯರಿನ ಮೇಲೆ ಆಯಿ
ಆ ಸೆಖೆಯಲ್ಲೂ ಕರಿ ಕಂಬಳಿ ಹೊದ್ದು.

"ದೀಪ ಇತ್ತು," ಅಂದಳು ಅವ್ವ, ನಗು ನಿಲ್ಲಿಸಿ.
"ಛಲೋ ದೀಪ. ಗಾಲಿಗಿ ತಗಲದಂಗ
ನಾನೇ ಡೈನಮೊ ಎತ್ತಿದ್ದೆ.
ಬೆಳಕಿದ್ರ ಮಂದಿ ನೋಡ್ತಿದ್ರಲ್ಲ."

ಸಿನೆಮಾದ ಹೆಸರು ನೆನಪಿಲ್ಲ. ಹೀರೋ ನೆನಪಿಲ್ಲ.
ಸಮುದ್ರ ಬಂದದ್ದು ನೆನಪಿದೆ,
ತೆರೆ ಏರಿ ಬಂದಾಗ ಆಯಿ
ಬಾಕಿನ ಮೇಲೆ ಕಾಲೆತ್ತಿಕೊಂಡದ್ದು.
ಬರುವಾಗ ಕೆರೆದಂಡೆಯಲ್ಲಿ ನಿಲ್ಲಿಸು ಎಂದಳಂತೆ.
ಇಳಿದು, ಆ ಅಲುಗದ ನೀರನ್ನು
ಬಹಳ ಹೊತ್ತು ನೋಡಿದಳಂತೆ,
ಅದೂ ಎದ್ದೀತೆಂದು.
ಮತ್ತೆ ಹತ್ತಿ ಹತ್ತು ಮಾರು ಹೋಗಿಲ್ಲ, ಪೊಲೀಸನ ಸೀಟಿ.

ಕುಬಸದೊಳಗಿನ ಗಂಟು ಬಿಚ್ಚಿ
ಚಿಲ್ಲರೆಯಲ್ಲೇ ಎರಡು ರೂಪಾಯಿ ಎಣಿಸಿದಳು ಆಯಿ,
ಎರಡು ದಿನ ಹತ್ತಿ ಹಿಂಜಿದ ಕೂಲಿ.
ಅವನು ಜೇಬಿಗಿಳಿಸುವಾಗ ಕೈ ಹಿಡಿದಳು:
"ಪುಕಟ ಹ್ಯಾಂಗ ಕೊಡ್ಲಿ? ಪಾವತಿ ಬರಿ."

ಅವ್ವ ಚೀಟಿ ಮಡಚಿದಳು
ಹಳೆಯ ಗೆರೆಗಳ ಮೇಲೇ, ಒಂದೂ ತಪ್ಪದೆ.
ರೊಟ್ಟಿ ಬಡಿದು ಸೊಟ್ಟಾದ ಹೆಬ್ಬೆರಳು ಮಾತ್ರ
ಬರಿ ಗಾಳಿಯಲ್ಲಿ ಏನನ್ನೋ
ಟಕ್ಕನೆ ಎತ್ತಿತು.

ಫರಸಿ ಆಗಲೇ ಒಣಗಿತ್ತು.
"ಹುಡುಕು," ಅಂದಳು,
"ಸಾಲಿ ಸರ್ಟಿಫಿಕೇಟ ತೆಳಗ ಇರಬೇಕು.
ಅದರಾಗ ಜಗದೇವಿ ಅಂತನೇ ಅದ."