ರಸಮಟ್ಟ

ಮೊದಲು ಬೈಸಿಕೊಂಡವಳು ನಾನು.
"ನೂಲು ಬಿಗಿ ಹಿಡಿಯೇ ನಿಲ್ಡಾ, ಮೂರನೇ ಸಾಲು ಹೊಟ್ಟೆ ಬಿಟ್ಟಿದೆ."
ರಸಮಟ್ಟ ಇಟ್ಟೆ. ಗುಳ್ಳೆ ನಟ್ಟನಡುವೆ,
ನಿದ್ದೆ ಹೋದ ಕೂಸಿನ ಹಾಗೆ.
ಅಡೆಲೀನು ಮೇಸ್ತ್ರಿ ನಂಬಲಿಲ್ಲ.
ಗಾರೆ ಇನ್ನೂ ಹಸಿ ಇರುವಾಗಲೇ
ಒಂಬತ್ತು ನೀಲಿ ಬಿಲ್ಲೆ ಕಿತ್ತರು,
ಮತ್ತೆ ಕೂರಿಸಿದರು,
ಮತ್ತೆ ಸೊಟ್ಟ.

ಸೆತೂಬಲಿನ ಮೀನುಸಂತೆಯ ಗೋಡೆಯಲ್ಲಿ
ಕೂದಲೆಳೆ ತಪ್ಪಿದ್ದನ್ನು
ಬೀದಿಯಾಚೆಯಿಂದ ಕಂಡುಹಿಡಿದ ಕಣ್ಣು ಅದು.
ಬೆವರೊರೆಸುವ ನೆಪದಲ್ಲಿ ಬಲಗಣ್ಣು ಮುಚ್ಚಿದರು,
ಗೋಡೆ ಅಲೆಯಾಯಿತು.
ಎಡಗಣ್ಣು ಮುಚ್ಚಿದರು,
ಗೋಡೆ ಗೋಡೆಯಾಯಿತು.
ಕರಣೆಯನ್ನು ಬಕೆಟ್ಟಿಗೆ ಹಾಕಿ
ಏಣಿಯ ಕೆಳಮೆಟ್ಟಿಲಲ್ಲಿ ಕೂತು ನನ್ನನ್ನೇ ನೋಡಿದರು.
"ನಿನ್ನ ಮೂಗೆಲ್ಲಿ?"
ನಾನು ನಕ್ಕೆ. ಅವರು ನಗಲಿಲ್ಲ.

ಆಸ್ಪತ್ರೆಯಲ್ಲಿ ಚೌಕಳಿ ಬರೆದ ಒಂದು ಕಾಗದ,
ನಡುವೆ ಒಂದು ಚುಕ್ಕಿ.
ಆಮೇಲೆ ಯಂತ್ರಕ್ಕೆ ಗದ್ದ ಊರಿಸಿ ತೆಗೆದ ಚಿತ್ರ:
ಕಣ್ಣಿನ ಹಿಂಗೋಡೆಯನ್ನು ಅಡ್ಡ ಸೀಳಿದಂತೆ ಪದರ ಪದರ.
ತಗ್ಗಿರಬೇಕಾದ ನಡುವಿನಲ್ಲಿ ದಿಬ್ಬ,
ದಿಬ್ಬದೊಳಗೆ ಕಪ್ಪು ಕಪ್ಪಾಗಿ ನೀರಿನ ಗೂಡು.

ಡಾಕ್ಟರ್ ವಿಟೋರಿನ್ಯಾ ಹೇಳತೊಡಗಿದರು,
ಹದಿನೆಂಟು ವರ್ಷದ ಸಕ್ಕರೆ, ಅದರ ಮೇಲೆ ಏರಿದ ರಕ್ತದೊತ್ತಡ,
ನವಿರು ನಾಳದ ಗೋಡೆ ಸವೆದು ಸವೆದು...
ಮೇಸ್ತ್ರಿ ಕೈ ಎತ್ತಿದರು.
"ಗೊತ್ತಾಯಿತು. ಬಿಲ್ಲೆ ಸರಿಯಿದೆ.
ಹಿಂದೆ ಪೈಪು ಒಸರುತ್ತಿದೆ."
ಡಾಕ್ಟರು ಪೆನ್ನು ಕೆಳಗಿಟ್ಟರು.
"ಹೌದು. ನೋವಿಲ್ಲದೆ.
ಅದಕ್ಕೇ ಎಲ್ಲರೂ ತಡವಾಗಿ ಬರುವುದು."

ಉಸಿರು ಸಾಲದ ಕಣ್ಣು ಒಳಗೊಳಗೇ ಕೂಗುತ್ತದಂತೆ,
ಆ ಕೂಗಿಗೆ ನಾಳಗಳು ಇನ್ನೂ ಸಡಿಲ, ಇನ್ನೂ ಸೋರಿಕೆ.
ಮದ್ದು ಆ ಬಾಯಿಗೆ ಬೆರಳಿಡುತ್ತದೆ,
ಒಂದು ತಿಂಗಳ ಮಟ್ಟಿಗೆ.
ಮಾತ್ರೆಯಲ್ಲ, ಹನಿಯಲ್ಲ. ಸೂಜಿ.
ಕಣ್ಣೊಳಕ್ಕೇ.
ಐದು ಮಾಳಿಗೆಯ ಅಟ್ಟಣಿಗೆಯಲ್ಲಿ ಸಿಳ್ಳೆ ಹೊಡೆಯುತ್ತಿದ್ದ ಮನುಷ್ಯ
ನನ್ನ ಮಣಿಕಟ್ಟು ಹಿಡಿದುಕೊಂಡರು,
ಸಿಮೆಂಟು ಕಟ್ಟಿದ ಬೆರಳುಗಳಿಂದ.

ಮರಗಟ್ಟಿಸುವ ಹನಿ, ಕಂದು ಬಣ್ಣದ ಔಷಧದ ತೊಳೆತ,
ರೆಪ್ಪೆಗೆ ಚಿಮಟ. "ಮೇಲೆ ನೋಡಿ."
ಒಂದು ಒತ್ತು, ಅಷ್ಟೆ.
ಮೂರು ಎಣಿಸುವಷ್ಟರಲ್ಲಿ ಮುಗಿಯಿತು.
ಸಂಜೆ ಕಣ್ಣಲ್ಲಿ ಒಂದೆರಡು ಕಪ್ಪು ಗುಳ್ಳೆ ತೇಲಿದವಂತೆ.
"ರಸಮಟ್ಟದ್ದು ಒಡೆದು ಒಳಗೆ ಬಂತೇನೋ," ಎಂದರು.
ಬೆಳಿಗ್ಗೆಗೆ ಕರಗಿದವು.

ಕಾಫಿಗೆ ಎರಡು ಪೊಟ್ಟಣ ಸಕ್ಕರೆ ಹಾಕುವ ಕೈ.
ಗ್ರಾಸಿಂಡಾ ಒಂದು ಮಾತೂ ಆಡದೆ
ಎರಡನ್ನೂ ಎತ್ತಿ ಏಪ್ರನ್ನಿನ ಜೇಬಿಗಿಟ್ಟಳು.
ಆ ವಾರ ಆ ಮನೆಯಲ್ಲಿ ಊಟದ ಸದ್ದು ಮಾತ್ರ.

ಆಗಸ್ಟಿನಲ್ಲಿ ಹೋಟೆಲೊಂದರ ಕೆಲಸ, ಕೈತುಂಬ ದುಡ್ಡು.
ನಾಲ್ಕನೇ ಸೂಜಿ ತಪ್ಪಿಸಿದರು.
ಸೆಪ್ಟೆಂಬರಿಗೆ ನನ್ನ ಮೂಗು ಮತ್ತೆ ಕಾಣೆ.
ಡಾಕ್ಟರು ಬೈಯಲಿಲ್ಲ, ಮೊದಲ ಚಿತ್ರದ ಪಕ್ಕ ಹೊಸದಿಟ್ಟರು.
ಸಾಕಿತ್ತು.
ಗಾರೆ ಮೆತ್ತಿ ನೀರು ಮುಚ್ಚಿಡುವ ಮೇಸ್ತ್ರಿಗಳನ್ನು
ಜೀವನವಿಡೀ ಕಳ್ಳರೆಂದು ಕರೆದವರು
ತಲೆ ತಗ್ಗಿಸಿದರು.

ಈಗ ಆರು ವಾರಕ್ಕೊಮ್ಮೆ.
ಮುಂದೆ ಎಂಟಕ್ಕೆ ಹೋಗಬಹುದು, ಹೋಗದಿರಬಹುದು.
ಅಂಚಿನಲ್ಲಿ ಜಿನುಗುವ ಜಾಗಕ್ಕೆ ಲೇಸರಿನ ನಾಲ್ಕಾರು ಚುಕ್ಕಿ.
ಓದಲು ಬರುತ್ತದೆ, ದಿನಾಂಕ, ಬೆಲೆ, ಬಸ್ಸಿನ ನಂಬರು.
ನೂಲಿನ ಕೊನೆಯ ಮಾತು ಮಾತ್ರ ನನ್ನದು.
ನಾನು "ಸರಿ" ಎಂದ ಮೇಲೆ
ಅವರು ಹೆಬ್ಬೆರಳಿಂದ ಸಂದು ಸವರಿ ನೋಡುತ್ತಾರೆ.
ಬೆರಳಿಗೆ ಸಕ್ಕರೆ ಇನ್ನೂ ತಗುಲಿಲ್ಲ.

ಅವರ ಫ್ರಿಜ್ಜಿನ ಬಾಗಿಲಿಗೆ ಆ ಚೌಕಳಿ ಕಾಗದ
ಸಾರ್ಡೀನ್ ಮೀನಿನ ಮ್ಯಾಗ್ನೆಟ್ಟಿನಲ್ಲಿ ಅಂಟಿದೆ.
ದಿನಾ ಬೆಳಿಗ್ಗೆ ಸೂಪಿನ ಚಮಚದಿಂದ ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು.
ಚುಕ್ಕಿಯ ಎಡಕ್ಕೆ, ಗೆರೆ ಬಾಗಿದ್ದಲ್ಲಿ
ಪೆನ್ಸಿಲ್ಲಿನ ಹಳೆಯ ಗುರುತು.
ಮೊನ್ನೆ ಬೀಗದ ಕೈ ಇಸಿದುಕೊಳ್ಳಲು ಹೋದಾಗ ಕಂಡೆ,
ಕಾಗದದ ಮೇಲೆ ರಸಮಟ್ಟ ಒತ್ತಿ ಹಿಡಿದಿದ್ದರು.
"ಫ್ರಿಜ್ಜು ವಾಲಿದೆ," ಎಂದರು,
ಬಗ್ಗಿ, ಮಡಚಿದ ರಟ್ಟೊಂದನ್ನು
ಅದರ ಎಡಗಾಲಿನ ಕೆಳಗೆ ಸಿಕ್ಕಿಸಿದರು.