ಇನ್ನೂರು ದಿರಮ್

ಬ್ಯಾಂಕಿನಿಂದ ಎರಡು ಮೆಸೇಜು,
ರಾತ್ರಿ ಹನ್ನೊಂದು ಇಪ್ಪತ್ತಕ್ಕೆ, ಒಂದರ ಬೆನ್ನಿಗೆ ಒಂದು.
ಇನ್ನೂರು ದಿರಮ್. ಇನ್ನೂರು ದಿರಮ್.
ನಡುಗಡಲ ರಿಗ್ಗಿನಿಂದ ಇವರ ಫೋನು:
"ಎರಡರಲ್ಲಿ ಕಳ್ಳ ಯಾವುದು?"

ಅಜ್ಮಾನಿನ ನುಐಮಿಯ, ಆರನೇ ಮಾಳಿಗೆ.
ಹಾಲಿನ ಈ ತುದಿಗೆ ನಾನು, ನನ್ನ ಒಣ ಸಿಗಡಿ ಚಟ್ನಿಯ ಬಾಟ್ಲಿಗಳು,
ಆ ತುದಿಗೆ ಶಮಿತ್, ಕಿವಿಗೆ ಹೆಡ್‌ಫೋನು.
ನಡುವಿನ ಗೋಡೆಯಲ್ಲಿ ರೌಟರು
ಹಸಿರು ಕಣ್ಣು ಮಿಟುಕಿಸುತ್ತ
ಇಬ್ಬರಿಗೂ ಒಂದೇ ಕೊಡದಿಂದ ನೀರು ಹೊಯ್ಯುತ್ತದೆ.

ಅವನು ಕೊಂಡದ್ದು ಕೋಟು.
ಇಲ್ಲದ ಹುಡುಗನಿಗೆ, ಇಲ್ಲದ ಚಳಿಗೆ,
ಭುಜದ ಮೇಲೆ ಬೆಂಕಿ ಉರಿಯುವ ಕೋಟು.
ಹೊರಗೆ ಜುಲೈ;
ತಣ್ಣೀರಿನ ನಲ್ಲಿ ತಿರುಗಿಸಿದರೂ ಕೈ ಸುಡುತ್ತದೆ.

ನಾನು ಕೊಂಡದ್ದು ಕಣ್ಣು.
ಎಂಟು ಸಾವಿರ ಜನಕ್ಕೆ ನಿಮ್ಮ ಬಾಟ್ಲಿ ತೋರಿಸುತ್ತೇವೆ ಎಂದಿತ್ತು ಜಾಹೀರಾತಿನ ಗುಂಡಿ.
ಒತ್ತಿದೆ.
ಆ ಹದಿನಾರು ಸಾವಿರದಲ್ಲಿ
ಒಂದು ಕಣ್ಣನ್ನೂ ನಾನು ಕಂಡವಳಲ್ಲ.

ಮಗನಿಗೆ ಬೈಯಲು ಬಾಯಿ ತೆರೆದೆ.
ಬೈಗುಳ ಗಂಟಲಲ್ಲೇ ಅಡ್ಡ ನಿಂತಿತು,
ಬಂಗುಡೆ ಮುಳ್ಳಿನ ಹಾಗೆ.

ಮೊದಲ ಸಲ ಒಂದೇ ಒಂದು ಸ್ಟಾರು ಬಿದ್ದ ದಿನ,
'ರುಚಿ ಪರವಾಗಿಲ್ಲ, ಲಿಫ್ಟಿನ ತುಂಬ ವಾಸನೆ'
ಎಂದು ಶಾರ್ಜಾದ ಯಾವಳೋ ಬರೆದದ್ದನ್ನು
ಎರಡು ಗಂಟೆಯವರೆಗೆ ಓದುತ್ತ ಕೂತಿದ್ದೆ.
ಉಚ್ಚೆಗೆಂದು ಎದ್ದವನು ಇಣುಕಿ, ಆಕಳಿಸಿ,
"ಸತ್ತೆ, ಅಷ್ಟೇ ತಾನೆ? ಮತ್ತೆ ಹುಟ್ಟು ಮಾರಾಯ್ತಿ" ಅಂದ.
ಮರುದಿನ ಎರಡು ಸುತ್ತು ಪ್ಲಾಸ್ಟಿಕ್ಕು ಹೆಚ್ಚು ಬಿಗಿದು
ಹುಟ್ಟಿದೆ.

ಯುದ್ಧವನ್ನೂ ಅವನೇ ಕಲಿಸಿದ್ದು.
"ಸಂಬಳದ ವಾರ ಎಲ್ಲರೂ ಬೆಲೆ ಇಳಿಸುತ್ತಾರೆ,
ನೀನು ಪೊದೆಯಲ್ಲಿ ಅಡಗು,
ಅವರವರೇ ಹೊಡೆದಾಡಿ ಸಾಯಲಿ, ಆಮೇಲೆ ಎದ್ದು ಬಾ."
ಎದ್ದು ಬಂದೆ. ಮೂವತ್ತೊಂದು ಬಾಟ್ಲಿ ಖಾಲಿ.

ನಾನು ಕಲಿಸಿದ್ದು ಒಂದೇ:
ಕೈರೋದ ನಿನ್ನ ಜೊತೆಗಾರ ಮೂರು ದಿನ ಬಾರದಿದ್ದರೆ
ಕೇಳಬೇಕು, ಉಂಡೆಯಾ ಎಂದು.
ಗಿರಾಕಿಯನ್ನು ಉಳಿಸಿಕೊಳ್ಳುವುದೂ ಹಾಗೆಯೇ.
ಕೇಳಿದ.
ಹಲ್ಲುನೋವಂತೆ.

"ನಿನ್ನದೂ ಗೇಮೇ ಅಮ್ಮ."
ಅಲ್ಲ ಎನ್ನಲು ನನ್ನಲ್ಲಿದ್ದದ್ದು ಒಂದೇ ಸಾಕ್ಷಿ:
ಬೆರಳ ಸಂದಿಯ ಮೆಣಸಿನ ಉರಿ.
ಅವನು ಮಾತಾಡದೆ ಹೆಬ್ಬೆರಳು ತೋರಿಸಿದ;
ಗುಂಡಿ ಒತ್ತಿ ಒತ್ತಿ ದಡ್ಡುಗಟ್ಟಿತ್ತು.

ಇವರು ಲೈನಿನಲ್ಲೇ ಇದ್ದಾರೆ.
ನಾನು ನೋಡುತ್ತಿರುವುದು ಇನ್ನೊಂದು ಫೋನು,
ನಕ್ಷೆ, ನಕ್ಷೆಯಲ್ಲೊಂದು ನೀಲಿ ಚುಕ್ಕೆ.
ನಾಲ್ಕು ಬಾಟ್ಲಿ ವಾಪಸು ಬರುತ್ತಿದೆ, ಗಿರಾಕಿ ಬಾಗಿಲು ತೆಗೆಯಲಿಲ್ಲ.
ಚುಕ್ಕೆ ಶಾರ್ಜಾ ಗಡಿಯ ಸರ್ಕಲ್ಲಿನಲ್ಲಿ ನಿಂತಿದೆ,
ಹದಿನೈದು ನಿಮಿಷವಾಯಿತು.
"ಲ್ಯಾಗು," ಅಂದ ಮಗ, ಕುರ್ಚಿಯಿಂದಲೇ.
"ಟ್ರಾಫಿಕ್ಕು," ಅಂದೆ.

ಬೆಲ್ಲು.
ಬಾಗಿಲಲ್ಲಿ ಗುಲ್ ಜಮಾನ್,
ಕಂಕುಳಲ್ಲಿ ಹೆಲ್ಮೆಟ್ಟು, ಬಾವಿಯಿಂದ ಎದ್ದು ಬಂದಂತೆ ತಲೆಗೂದಲು.
"ತಲೆ ಸುತ್ತಿತು ದೀದಿ, ಫುಟ್‌ಪಾತಿನಲ್ಲಿ ಕೂತುಬಿಟ್ಟೆ.
ಬಾಟ್ಲಿ ಒಂದೂ ಒಡೆದಿಲ್ಲ, ಎಣಿಸಿಕೊಳ್ಳಿ."

ಎಣಿಸಲಿಲ್ಲ.
ಹೆಡ್‌ಫೋನು ಕುತ್ತಿಗೆಗೆ ಜಾರಿಸಿ ಶಮಿತ್ ಎದ್ದ,
ಫ್ರಿಜ್ಜಿನಿಂದ ನೀರು ತಂದ.
ಅವನ ಹಿಂದೆ ಪರದೆಯಲ್ಲಿ ಕೋಟಿನ ಹುಡುಗ ನಿಂತಲ್ಲೇ ನಿಂತಿದ್ದ,
ಬೆಂಕಿ ಉರಿಯುತ್ತಿತ್ತು,
ಯಾರೋ ಬಂದು ಹೊಡೆದುರುಳಿಸಿದರು.
ಮಗ ತಿರುಗಿ ನೋಡಲಿಲ್ಲ.

ಎರಡನೇ ಲೋಟ. ಮೂರನೆಯದು.
ಮೇಜಿನ ಮೇಲಿಂದ ಇವರ ದನಿ, ಅಲೆಯ ಗದ್ದಲದ ನಡುವೆ:
"ಹಲೋ? ಹೇಳೇ,
ಯಾವುದನ್ನು ನಿಲ್ಲಿಸಲಿ?"